ಶೇಕಡಾ ಎರಡರ ಪುಣ್ಯ, ಗೇಟಿನೊಳಗಿನ ಲೆಕ್ಕ

ಸಂಘ ಸಂಸ್ಥೆಗಳ ಕಾರ್ಯಕಾರಿ ಸಮಿತಿ ಸಭೆಗಳಲ್ಲಿ ಈಗ ಒಂದು ಮಾತು ಖಾಯಂ ಆಗಿಬಿಟ್ಟಿದೆ: "ಯಾವುದಾದರೂ ಕಂಪೆನಿಯ ಸಿಎಸ್‌ಆರ್ ಸಿಗುತ್ತಾ ನೋಡಿ." ಶಾಲೆಗೆ ಕಂಪ್ಯೂಟರ್ ಬೇಕಾ, ಸಿಎಸ್‌ಆರ್. ಆಂಬುಲೆನ್ಸ್ ಬೇಕಾ, ಸಿಎಸ್‌ಆರ್. ವಿದ್ಯಾರ್ಥಿವೇತನಕ್ಕೆ ದಾನಿಗಳು ಸಾಲುತ್ತಿಲ್ಲವಾ, ಅದಕ್ಕೂ ಸಿಎಸ್‌ಆರ್. ಯಾರ ಹತ್ತಿರ ಕೇಳಬೇಕು, ಪ್ರಾಜೆಕ್ಟ್ ರಿಪೋರ್ಟ್ ಹೇಗೆ ಬರೆಯಬೇಕು, 12ಎ, 80ಜಿ ನೋಂದಣಿ ಇದೆಯಾ, ಇಷ್ಟರಲ್ಲೇ ಚರ್ಚೆ ಮುಗಿಯುತ್ತದೆ. ಹಣ ಎಲ್ಲಿಗೆ ಹೋಗುತ್ತದೆ ಎಂಬ ಬಗ್ಗೆ ನಮಗೆ ಬಹಳ ಆಸಕ್ತಿ. ಎಲ್ಲಿಂದ ಬರುತ್ತದೆ ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಈ ಲೇಖನ ಆ ಎರಡನೇ ಪ್ರಶ್ನೆಯ ಬಗ್ಗೆ.

ಮೊದಲು ಕಾನೂನು. 2013ರ ಕಂಪೆನಿ ಕಾಯ್ದೆಯ 135ನೇ ಕಲಂ 2014ರ ಎಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದಿದ್ದರೂ ಸಾಕು, ಕಂಪೆನಿ ಇದರ ವ್ಯಾಪ್ತಿಗೆ ಬರುತ್ತದೆ. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಅದು ಸಾಮಾಜಿಕ ಕೆಲಸಗಳಿಗೆ ಖರ್ಚು ಮಾಡಬೇಕು. ಯಾವ ಕೆಲಸ ಎಂಬುದನ್ನು ಏಳನೇ ಅನುಸೂಚಿ ಪಟ್ಟಿ ಮಾಡುತ್ತದೆ: ಹಸಿವು, ಶಿಕ್ಷಣ, ಆರೋಗ್ಯ, ಪರಿಸರ, ಪರಂಪರೆಯ ರಕ್ಷಣೆ, ಗ್ರಾಮೀಣ ಕ್ರೀಡೆ ಹೀಗೆ. ಮೊದಲ ವರ್ಷ ಈ ಬಾಬ್ತು ಸುಮಾರು 10 ಸಾವಿರ ಕೋಟಿ ಇತ್ತು, ಈಗ ವರ್ಷಕ್ಕೆ 25 ಸಾವಿರ ಕೋಟಿ ದಾಟಿದೆ. ಜಗತ್ತಿನಲ್ಲೇ ಇಂಥ ಕಾನೂನು ತಂದ ಮೊದಲ ದೇಶ ನಮ್ಮದು ಅಂತ ವೇದಿಕೆಗಳಲ್ಲಿ ಹೇಳುವುದುಂಟು. ಮಾರಿಷಸ್ ಎಂಬ ಪುಟ್ಟ ದ್ವೀಪ 2009ರಲ್ಲೇ ಇದೇ ಶೇ. 2ರ ನಿಯಮ ತಂದಿತ್ತು. ಇರಲಿ ಬಿಡಿ, ಹೆಮ್ಮೆಗೆ ಯಾಕೆ ಅಡ್ಡಿ.

ಈ ಹಣದಿಂದ ಒಳ್ಳೆಯದು ಆಗಿಲ್ಲ ಎಂದು ನಾನು ಹೇಳುವುದಿಲ್ಲ. ಸರಕಾರಿ ಶಾಲೆಗೆ ಶೌಚಾಲಯ ಬಂದಿದೆ, ಹೆಣ್ಣುಮಕ್ಕಳು ಶಾಲೆ ಬಿಡುವುದು ತಪ್ಪಿದೆ. ಡಯಾಲಿಸಿಸ್ ಯಂತ್ರದ ಮೇಲೆ ಕಂಪೆನಿಯ ಸ್ಟಿಕ್ಕರ್ ಇದ್ದರೂ ರೋಗಿಯ ರಕ್ತ ಶುದ್ಧವಾಗುತ್ತದೆ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರ ಫೀಸ್ ಕೂಡಾ ಆ ಹಣದಿಂದಲೇ ಕಟ್ಟಿರಬಹುದು. ಪಡೆದವರು ತಲೆ ತಗ್ಗಿಸಬೇಕಾಗಿಲ್ಲ. ನನ್ನ ತಕರಾರು ಕೊಟ್ಟವರ ಬಗ್ಗೆ, ಅದಕ್ಕಿಂತ ಹೆಚ್ಚಾಗಿ 'ಸಾಮಾಜಿಕ ಹೊಣೆಗಾರಿಕೆ' ಎಂಬ ಶಬ್ದವನ್ನು ನಾವೆಲ್ಲ ಸೇರಿ ಎಷ್ಟು ಚಿಕ್ಕದು ಮಾಡಿಬಿಟ್ಟೆವು ಎಂಬುದರ ಬಗ್ಗೆ.

ಈ ಕಾನೂನಿನ ನಿಯಮಾವಳಿಯಲ್ಲಿ ಯಾರೂ ಅಷ್ಟಾಗಿ ಓದದ ಒಂದು ಭಾಗ ಇದೆ. ಯಾವುದು ಸಿಎಸ್‌ಆರ್ *ಅಲ್ಲ* ಎಂದು ಹೇಳುವ ಭಾಗ ಅದು. 2021ರ ಜನವರಿಯಲ್ಲಿ ತಿದ್ದುಪಡಿಯಾದ ರೂಪದಲ್ಲಿ ಅದನ್ನು ಓದಿ. ಕಂಪೆನಿಯ ಮಾಮೂಲಿ ವ್ಯವಹಾರದ ಭಾಗವಾಗಿ ಮಾಡಿದ್ದು ಸಿಎಸ್‌ಆರ್ ಅಲ್ಲ. ರಾಜಕೀಯ ಪಕ್ಷಕ್ಕೆ ಕೊಟ್ಟದ್ದು ಅಲ್ಲ. ಪ್ರಚಾರಕ್ಕಾಗಿ ಮಾಡಿದ ಪ್ರಾಯೋಜಕತ್ವ ಅಲ್ಲ. ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದದ್ದು ಅಲ್ಲ. ಮತ್ತು, ಕಂಪೆನಿಯ ನೌಕರರಿಗೆ ಪ್ರಯೋಜನವಾಗುವ ಕೆಲಸಗಳು ಸಿಎಸ್‌ಆರ್ ಅಲ್ಲ.

ಕೊನೆಯದನ್ನು ಇನ್ನೊಮ್ಮೆ ಓದಬೇಕು. ಈ ನಿಯಮಕ್ಕೆ ಸಕಾರಣ ಇದೆ, ಒಪ್ಪುತ್ತೇನೆ. ಇದು ಇಲ್ಲದಿದ್ದರೆ ಕಂಪೆನಿಗಳು ಕ್ಯಾಂಟೀನ್‌ನ ಇಡ್ಲಿ ಸಾಂಬಾರನ್ನೂ ಸಮಾಜಸೇವೆ ಎಂದು ಲೆಕ್ಕ ತೋರಿಸುತ್ತಿದ್ದವು. ಕೂಲಿ ದಾನವಲ್ಲ, ಅದನ್ನು ದಾನದ ಖಾತೆಯಲ್ಲಿ ಬರೆಯಬಾರದು, ಸರಿ. ಆದರೆ ಕಾನೂನಿನ ಆಶಯ ಒಂದು, ಅದು ಜನರ ತಲೆಯಲ್ಲಿ ಕೂತ ರೀತಿ ಇನ್ನೊಂದು. ಹತ್ತು ವರ್ಷ ಕಳೆಯುವಷ್ಟರಲ್ಲಿ 'ಸಮಾಜ' ಎಂದರೆ ಫ್ಯಾಕ್ಟರಿಯ ಗೇಟಿನ ಹೊರಗಿನವರು ಎಂದಾಯಿತು. ಒಳಗೆ ಹೊಲಿಗೆ ಮೆಷಿನ್ ಮುಂದೆ ಕೂತವಳು ಸಮಾಜ ಅಲ್ಲ, ಅವಳು 'ಮ್ಯಾನ್‌ಪವರ್', ಅವಳ ಬಗ್ಗೆ ಮಾತಾಡಲು ಎಚ್‌ಆರ್ ಇದ್ದಾರೆ. ಸಂಜೆ ಪಾಳಿ ಮುಗಿಸಿ ಗೇಟು ದಾಟಿದ ಕೂಡಲೇ ಅವಳು ಸಮಾಜದ ಭಾಗವಾಗುತ್ತಾಳೆ, ಕಂಪೆನಿಯ ಆರೋಗ್ಯ ಶಿಬಿರದಲ್ಲಿ ಸಾಲಿನಲ್ಲಿ ನಿಲ್ಲುತ್ತಾಳೆ, ಫೋಟೋ ತೆಗೆಸಿಕೊಳ್ಳುತ್ತಾಳೆ.

ಹೊಲಿಗೆ ಮೆಷಿನ್ ಎಂದದ್ದು ಉಪಮೆಗಾಗಿ ಅಲ್ಲ. 2020ರಲ್ಲಿ ಕರ್ನಾಟಕದ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಏನಾಯಿತು ಎಂಬುದನ್ನು ಹೊರಗಿರುವ ನಾವು ಅಷ್ಟಾಗಿ ಗಮನಿಸಲಿಲ್ಲ. ಮುಂಬೈ, ದಿಲ್ಲಿಯ ಮಾಲ್‌ಗಳಲ್ಲಿ ನಾವು ಕೊಳ್ಳುವ ದೊಡ್ಡ ಬ್ರ್ಯಾಂಡ್‌ಗಳ ಅಂಗಿಗಳಲ್ಲಿ ಎಷ್ಟೋ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ ಕಡೆ ಹೊಲಿದವು. ಹೊಲಿಯುವವರಲ್ಲಿ ಬಹುಪಾಲು ಹೆಂಗಸರು, ಹಳ್ಳಿಗಳಿಂದ ಬಂದವರು, ಅವರಲ್ಲಿ ಮುಸ್ಲಿಂ ಮನೆಗಳ ಹೆಣ್ಣುಮಕ್ಕಳೂ ಇದ್ದಾರೆ. ಕನಿಷ್ಠ ವೇತನದ ಜೊತೆಗೆ ಬೆಲೆಯೇರಿಕೆಗೆ ತಕ್ಕಂತೆ ಪ್ರತಿ ಎಪ್ರಿಲ್‌ನಲ್ಲಿ ತುಟ್ಟಿಭತ್ಯೆ ಏರಬೇಕು. ಅದು ಬೋನಸ್ ಅಲ್ಲ, ಕನಿಷ್ಠ ವೇತನದ್ದೇ ಅಂಗ. 2020ರ ಎಪ್ರಿಲ್‌ನಿಂದ ಏರಬೇಕಿದ್ದ ಮೊತ್ತ ತಿಂಗಳಿಗೆ 417 ರೂಪಾಯಿ 60 ಪೈಸೆ. ಕೋವಿಡ್ ಸಂಕಷ್ಟ ಅಂತ ರಾಜ್ಯ ಸರಕಾರ ಇದನ್ನು ಮುಂದೂಡಿ ಆದೇಶ ಹೊರಡಿಸಿತು. ಕಾರ್ಮಿಕ ಸಂಘಟನೆಗಳು ಹೈಕೋರ್ಟಿಗೆ ಹೋದವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಅಂದರೆ ಹಿಂಬಾಕಿ ಸಮೇತ ಕೊಡಬೇಕು.

ಕೊಡಲಿಲ್ಲ. ಒಂದು ವರ್ಷಕ್ಕೂ ಮೇಲೆ ರಾಜ್ಯದ ಬಹುತೇಕ ಗಾರ್ಮೆಂಟ್ ಫ್ಯಾಕ್ಟರಿಗಳು ಇದನ್ನು ಕೊಡಲಿಲ್ಲ. ವರ್ಕರ್ ರೈಟ್ಸ್ ಕನ್ಸೋರ್ಟಿಯಂ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಇದನ್ನು ಬಯಲಿಗೆಳೆದು, ವಿದೇಶಿ ಬ್ರ್ಯಾಂಡ್‌ಗಳಿಗೆ ಪತ್ರ ಬರೆದು, 2021ರ ಕೊನೆಗೆ ಇಂಗ್ಲೆಂಡಿನ ಪತ್ರಿಕೆಯಲ್ಲಿ ವರದಿಯಾದ ಮೇಲೆ, 2022ರ ಆರಂಭದಲ್ಲಿ ದೊಡ್ಡ ತಯಾರಕರು ಬಾಕಿ ಪಾವತಿಸಲು ಒಪ್ಪಿದರು. ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರ ಹಣ ಅದು. ತಿಂಗಳಿಗೆ 417 ರೂಪಾಯಿ ಅಷ್ಟೇ ಅಲ್ವಾ ಅನ್ನಬೇಡಿ. ವರ್ಷಕ್ಕೆ 5 ಸಾವಿರ. ನಾಲ್ಕು ಲಕ್ಷದಿಂದ ಗುಣಿಸಿದರೆ 200 ಕೋಟಿ. ಆಕೆಯ ಮಟ್ಟಿಗೆ ಹೇಳುವುದಾದರೆ, ಲಾಕ್‌ಡೌನ್‌ನಲ್ಲಿ ಗಂಡನ ಆಟೋ ನಿಂತ ಮನೆಗೆ ಅದು ಅರ್ಧ ಸಿಲಿಂಡರ್ ಗ್ಯಾಸ್, ಅಥವಾ ಮಗಳ ಆನ್‌ಲೈನ್ ಕ್ಲಾಸಿನ ರೀಚಾರ್ಜ್.

ಈಗ ಶೇ. 2ರ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡೋಣ. ಐದು ಕೋಟಿ ಲಾಭದ ಮಿತಿ ಒಬ್ಬ ದೊಡ್ಡ ರಫ್ತುದಾರನಿಗೆ ಏನೇನೂ ಅಲ್ಲ, ಆತ ಸಿಎಸ್‌ಆರ್ ಕೊಡಲೇಬೇಕಾದವನು. ಒಬ್ಬಳಿಗೆ ಕೊಡಬೇಕಾದ 417 ರೂಪಾಯಿ 60 ಪೈಸೆ ಕೊಡದೆ ಇಟ್ಟುಕೊಂಡು, ಖರ್ಚೆಂದೂ ಬರೆಯದಿದ್ದರೆ, ಕಂಪೆನಿಯ ಲಾಭ ಅಷ್ಟರಮಟ್ಟಿಗೆ ಹೆಚ್ಚಾಯಿತು. ಹೆಚ್ಚಾದ ಲಾಭಕ್ಕೆ ಶೇ. 2ರಂತೆ ಸಿಎಸ್‌ಆರ್ ಕೂಡಾ ಹೆಚ್ಚಾಯಿತು. ಎಷ್ಟು? 8 ರೂಪಾಯಿ 35 ಪೈಸೆ. ಆ ಹಣ ಯಾವುದೋ ಶಾಲೆಯ ಬೆಂಚು ಆಗುತ್ತದೆ. ಉದ್ಘಾಟನೆಗೆ ಶಾಸಕರು ಬರುತ್ತಾರೆ. ವರದಿಯಲ್ಲಿ ಬಣ್ಣದ ಫೋಟೋ ಅಚ್ಚಾಗುತ್ತದೆ. ಕಾನೂನಿನ ಕಣ್ಣಿನಲ್ಲಿ ಈ ಕಂಪೆನಿ ತನ್ನ ಸಾಮಾಜಿಕ ಹೊಣೆಯನ್ನು ಪೂರ್ತಿ ನಿಭಾಯಿಸಿದೆ, ಸ್ವಲ್ಪ ಹೆಚ್ಚೇ ನಿಭಾಯಿಸಿದೆ. ಉಳಿದ 409 ರೂಪಾಯಿ 25 ಪೈಸೆಯ ಬಗ್ಗೆ ಸಿಎಸ್‌ಆರ್ ವರದಿಯಲ್ಲಿ ಅಂಕಣವೇ ಇಲ್ಲ.

ಇದು ಲೆಕ್ಕದ ಚಮತ್ಕಾರ ಎನಿಸಿದರೆ ಶಿಕ್ಷೆಯ ಪ್ರಮಾಣವನ್ನು ನೋಡಿ. ಸಿಎಸ್‌ಆರ್ ಹಣ ಖರ್ಚು ಮಾಡದೆ, ನಿಗದಿತ ನಿಧಿಗೂ ವರ್ಗಾಯಿಸದೆ ಉಳಿಸಿಕೊಂಡರೆ, ಆ ಮೊತ್ತದ ಎರಡು ಪಟ್ಟು ಅಥವಾ 1 ಕೋಟಿ ರೂಪಾಯಿ, ಇವೆರಡರಲ್ಲಿ ಕಡಿಮೆ ಯಾವುದೋ ಅಷ್ಟು ದಂಡ. (2019ರ ತಿದ್ದುಪಡಿಯಲ್ಲಿ ಜೈಲಿನ ಮಾತೂ ಇತ್ತು. ಉದ್ಯಮಿಗಳು ಗದ್ದಲ ಎಬ್ಬಿಸಿದ ಮೇಲೆ ಸರಕಾರ ಅದನ್ನು ಕೈಬಿಟ್ಟಿತು.) ಅದೇ 2020ರಲ್ಲಿ ಜಾರಿಯಲ್ಲಿದ್ದ 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ, ಕನಿಷ್ಠಕ್ಕಿಂತ ಕಡಿಮೆ ಕೂಲಿ ಕೊಟ್ಟವನಿಗೆ ದಂಡ ಎಷ್ಟು ಗೊತ್ತಾ? ಐನೂರು ರೂಪಾಯಿಯವರೆಗೆ. ಆರು ತಿಂಗಳವರೆಗಿನ ಜೈಲು ಕಾಗದದಲ್ಲಿ ಇತ್ತು, ಆ ಕಾರಣಕ್ಕೆ ಜೈಲಿಗೆ ಹೋದ ಫ್ಯಾಕ್ಟರಿ ಮಾಲಕರನ್ನು ನೀವು ಕಂಡಿದ್ದರೆ ಹೇಳಿ. ಹೊಸ ವೇತನ ಸಂಹಿತೆಯಲ್ಲಿ ದಂಡದ ಮಿತಿ 50 ಸಾವಿರಕ್ಕೆ ಏರಿದೆ, ಮೊದಲ ಬಾರಿಯ ತಪ್ಪಿಗೆ ಜೈಲು ಇಲ್ಲ. ಹೊರಗಿನವರಿಗೆ ದಾನ ಕೊಡದಿದ್ದರೆ ಕೋಟಿಯ ಮಾತು, ಒಳಗಿನವಳಿಗೆ ಕೂಲಿ ಕೊಡದಿದ್ದರೆ ಸಾವಿರದ ಮಾತು.

ಎಂಬಿಎ ಓದುವ ಮಕ್ಕಳಿಗೆ ಪಾಠದಲ್ಲಿ ಮಿಲ್ಟನ್ ಫ್ರೀಡ್ಮನ್ ಬರುತ್ತಾನೆ, ಖಳನಾಯಕನ ಹಾಗೆ. 1970ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಭಾನುವಾರದ ಮ್ಯಾಗಝಿನ್‌ನಲ್ಲಿ ಲೇಖನ ಬರೆದು, ಕಂಪೆನಿಗೆ ಲಾಭ ಮಾಡುವುದಕ್ಕಿಂತ ಬೇರೆ ಸಾಮಾಜಿಕ ಹೊಣೆ ಇಲ್ಲ ಎಂದು ವಾದಿಸಿದ ಅರ್ಥಶಾಸ್ತ್ರಜ್ಞ. ಅವನ ಎದುರಿಗೆ ನಮ್ಮ 135ನೇ ಕಲಮನ್ನು ಉತ್ತರ ಎಂಬಂತೆ ನಿಲ್ಲಿಸಲಾಗುತ್ತದೆ. ಇದನ್ನು ನಾನು ಒಪ್ಪಲಾರೆ. ಇಬ್ಬರ ನಡುವೆ ಹೇಳಿಕೊಳ್ಳುವಷ್ಟು ಜಗಳ ಇಲ್ಲ. ಲಾಭ ಹೇಗೆ ಮಾಡಿದಿರಿ ಎಂದು ಅವನೂ ಕೆದಕುವುದಿಲ್ಲ, ಸಿಎಸ್‌ಆರ್ ನಿಯಮವೂ ಕೆದಕುವುದಿಲ್ಲ. ಲಾಭ ಮಾಡಿ ಮುಗಿಸಿದ ಮೇಲೆ ನೂರಕ್ಕೆ ಎರಡು ಎತ್ತಿಡಿ ಎನ್ನುವುದಷ್ಟೇ ನಮ್ಮ ಸೇರ್ಪಡೆ. ನ್ಯಾಯವಾಗಿ ಹೇಳಬೇಕೆಂದರೆ, ಫ್ರೀಡ್ಮನ್ ಕೂಡಾ ಕಾನೂನು ಮೀರದೆ, ಮೋಸ ಮಾಡದೆ ಲಾಭ ಮಾಡಿ ಎಂಬ ಷರತ್ತು ಹಾಕಿದ್ದ. ಬೆಂಗಳೂರಿನ ತುಟ್ಟಿಭತ್ಯೆ ಪ್ರಕರಣ ಅವನ ಪರೀಕ್ಷೆಯಲ್ಲೂ ಪಾಸಾಗುವುದಿಲ್ಲ.

ಗೇಟಿನ ಹೊರಗೆ ಹೋದ ಹಣವಾದರೂ ಯಾವಾಗಲೂ ಬಡವರ ಮನೆ ಸೇರಿತಾ? 2018ರಲ್ಲಿ ಸಿಎಜಿ ಒಂದು ವರದಿಯಲ್ಲಿ, ಸಾರ್ವಜನಿಕ ವಲಯದ ಐದು ತೈಲ ಕಂಪೆನಿಗಳು ಗುಜರಾತಿನ ಸರ್ದಾರ್ ಪಟೇಲ್ ಪ್ರತಿಮೆಗೆ 146.83 ಕೋಟಿ ರೂಪಾಯಿ ಸಿಎಸ್‌ಆರ್ ಹಣ ಕೊಟ್ಟದ್ದನ್ನು ಎತ್ತಿ ತೋರಿಸಿತು. ಪರಂಪರೆಯ ರಕ್ಷಣೆ ಎಂಬ ತಲೆಬರಹದಡಿ ಕೊಟ್ಟದ್ದು. ಇನ್ನೂ ಕಟ್ಟುತ್ತಿದ್ದ ಪ್ರತಿಮೆ ಪರಂಪರೆಯ ಆಸ್ತಿ ಹೇಗಾಗುತ್ತದೆ ಎಂಬುದು ಆಕ್ಷೇಪ. 2020ರ ಮಾರ್ಚ್‌ನಲ್ಲಿ ಪಿಎಂ ಕೇರ್ಸ್‌ಗೆ ಕೊಟ್ಟರೆ ಸಿಎಸ್‌ಆರ್ ಎಂದಾಯಿತು, ರಾಜ್ಯಗಳ ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟರೆ ಅಲ್ಲ ಎಂದಾಯಿತು. ಕೊಡುವವರಿಗೆ ಯಾರ ಕಣ್ಣಿಗೆ ಬೀಳಬೇಕು ಎಂಬುದು ಗೊತ್ತಿರುತ್ತದೆ. ಇದರ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ, ನಾನು ಬೆಳೆಸುವುದಿಲ್ಲ.

ಗೇಟಿನ ಒಳಗಿನಿಂದ ಹೊಣೆಗಾರಿಕೆ ಶುರುವಾದ ಉದಾಹರಣೆ ನಮ್ಮ ದೇಶದಲ್ಲಿ ಇಲ್ಲವೇ? ಇದೆ. ಜಮ್ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆಯಲ್ಲಿ 1912ರಲ್ಲೇ ಎಂಟು ಗಂಟೆಯ ಕೆಲಸದ ದಿನ ಬಂತು, 1920ರಲ್ಲಿ ಭವಿಷ್ಯನಿಧಿ. ದೇಶದ ಕಾನೂನು ಅಲ್ಲಿಗೆ ತಲುಪಲು ದಶಕಗಳು ಹಿಡಿದವು. ಆಗ ಅದಕ್ಕೆ ಸಿಎಸ್‌ಆರ್ ಎಂಬ ಹೆಸರೂ ಇರಲಿಲ್ಲ. ಹಾಗಂತ ಅದನ್ನು ಬರೀ ಮಾಲಕರ ಔದಾರ್ಯದ ಕಥೆಯಾಗಿ ಹೇಳುವವರು ಅದೇ ಊರಿನಲ್ಲಿ 1920, 1922, 1928ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದ್ದನ್ನು ಬಿಟ್ಟುಬಿಡುತ್ತಾರೆ. ಒಳ್ಳೆಯ ಮಾಲಕರಿದ್ದಲ್ಲೂ ಕೇಳುವವರು ಬೇಕಾಗಿತ್ತು.

ಇತ್ತೀಚಿನ ಉದಾಹರಣೆ ಬೇಕಿದ್ದರೆ, ಚೆನ್ನೈಯಲ್ಲಿರುವ ಓದುಗರಿಗೆ ಹತ್ತಿರದ್ದೇ ಇದೆ. ತಮಿಳುನಾಡಿನ ದಿಂಡಿಗಲ್‌ನ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ ದಲಿತ ಯುವತಿಯೊಬ್ಬಳ ಕೊಲೆ 2021ರ ಜನವರಿಯಲ್ಲಿ ನಡೆಯಿತು, ಮೇಲ್ವಿಚಾರಕನ ಮೇಲೆ ಆರೋಪ ಬಂತು. ಅದರ ನಂತರ ದಲಿತ ಮಹಿಳೆಯರೇ ಮುನ್ನಡೆಸುವ ತಮಿಳುನಾಡು ಟೆಕ್ಸ್‌ಟೈಲ್ ಆಂಡ್ ಕಾಮನ್ ಲೇಬರ್ ಯೂನಿಯನ್ ಪಟ್ಟು ಹಿಡಿಯಿತು. 2022ರಲ್ಲಿ ಆ ಯೂನಿಯನ್, ಕಂಪೆನಿ ಮತ್ತು ಎಚ್ ಆಂಡ್ ಎಂ, ಗ್ಯಾಪ್, ಪಿವಿಎಚ್ ಬ್ರ್ಯಾಂಡ್‌ಗಳ ಜೊತೆ 'ದಿಂಡಿಗಲ್ ಒಪ್ಪಂದ' ಆಯಿತು. ಕಿರುಕುಳದ ದೂರು ಬಂದರೆ ಏನು ಮಾಡಬೇಕು, ಕಂಪೆನಿ ಮಾಡದಿದ್ದರೆ ಬ್ರ್ಯಾಂಡ್‌ಗಳು ಆರ್ಡರ್ ವಿಷಯದಲ್ಲಿ ಹೇಗೆ ಬಿಸಿ ಮುಟ್ಟಿಸಬೇಕು ಎಂಬುದೆಲ್ಲ ಕಾನೂನುಬದ್ಧ ಕರಾರು. ಒಬ್ಬ ಹುಡುಗಿಯ ಜೀವ ಹೋದ ಮೇಲೆ ಇದು ಬಂತು ಎಂಬ ಸಂಕಟ ಇದ್ದೇ ಇದೆ. ಆದರೂ ವ್ಯಾಪಾರದ ನೀತಿ ಎಂದರೆ ಏನು ಎಂದು ಕೇಳುವ ವಿದ್ಯಾರ್ಥಿಗೆ ನಾನು ಯಾವುದೇ ಕಂಪೆನಿಯ ಸಿಎಸ್‌ಆರ್ ಕಿರುಹೊತ್ತಗೆಗಿಂತ ಮೊದಲು ಈ ಒಪ್ಪಂದದ ಬಗ್ಗೆ ಓದು ಎನ್ನುತ್ತೇನೆ. ಇದರಲ್ಲಿ ಫಲಾನುಭವಿ ಎಂಬ ಪದವಿ ಇಲ್ಲ, ಕಾರ್ಮಿಕರೇ ಸಹಿ ಹಾಕಿದ ಪಕ್ಷ.

ಕಂಪೆನಿಗಳನ್ನು ಬಯ್ಯುವುದು ಸುಲಭ, ಅವು ನಮ್ಮ ಮನೆಗೆ ಊಟಕ್ಕೆ ಬರುವುದಿಲ್ಲ. ನಮ್ಮೊಳಗಿನ ಮಾತಿಗೆ ಬರೋಣ. ಮುಂಬೈ, ಪುಣೆಯ ಕನ್ನಡಿಗರ ಬದುಕನ್ನು ಕಟ್ಟಿದ್ದು ಹೋಟೆಲು, ಬೇಕರಿ, ಅಂಗಡಿ. ಹಗಲು ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಓದಿ ಮೇಲೆ ಬಂದ ತಲೆಮಾರಿನ ಬಗ್ಗೆ ನಮಗೆ ಅಭಿಮಾನ ಇದೆ, ಇರಲೇಬೇಕು. ಅಂಥ ಹುಡುಗರನ್ನು ರಾತ್ರಿ ಶಾಲೆಗೆ ಕಳಿಸಿದ ಮಾಲಕರನ್ನು ಸ್ಮರಿಸುತ್ತೇವೆ. ಆದರೆ ಆ ನೆನಪಿನ ಭಾಷಣಗಳಲ್ಲಿ ಹದಿನಾಲ್ಕು ಗಂಟೆಯ ದುಡಿತ, ಅದೇ ಟೇಬಲುಗಳನ್ನು ಜೋಡಿಸಿ ಮಲಗಿದ ರಾತ್ರಿ, ಊರಿಗೆ ಹೋಗುವಾಗ ಮಾತ್ರ ಕೈಗೆ ಸಿಕ್ಕ ಸಂಬಳ, ಇವೆಲ್ಲ 'ಕಷ್ಟದ ದಿನಗಳು' ಎಂಬ ಎರಡೇ ಪದದಲ್ಲಿ ಮುಗಿದುಹೋಗುತ್ತವೆ. ಕಷ್ಟ ಎನ್ನುವುದು ಮಳೆಯಂತೆ ಮೇಲಿನಿಂದ ಬಿದ್ದದ್ದಲ್ಲ, ಯಾರೋ ಕೊಡಬೇಕಾದದ್ದನ್ನು ಕೊಡದೆ ಬಂದದ್ದು.

ಈಗಲೂ ನೋಡಿ. ಇಪ್ಪತ್ತು ಜನ ಕೆಲಸಗಾರರಿದ್ದರೆ ಪಿಎಫ್ ಕಾನೂನು ಅನ್ವಯವಾಗುತ್ತದೆ. ಅಡುಗೆಮನೆಯಲ್ಲಿ, ಕೌಂಟರಿನಲ್ಲಿ, ಪಾರ್ಸೆಲ್‌ನಲ್ಲಿ ಎಣಿಸಿದರೆ ಮೂವತ್ತು ಜನ ಸಿಗುವ ಎಷ್ಟೋ ಕಡೆ ಹಾಜರಿ ಪುಸ್ತಕ ಹತ್ತೊಂಬತ್ತಕ್ಕೆ ನಿಲ್ಲುತ್ತದೆ. ಪಾತ್ರೆ ತೊಳೆಯುವ ಹುಡುಗ ಅಸ್ಸಾಮಿನವನೋ ಒಡಿಶಾದವನೋ ಆಗಿರುತ್ತಾನೆ, ಅವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅದೇ ಮಾಲಕರು ಸಂಘದ ವಾರ್ಷಿಕೋತ್ಸವದಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ, ವಿದ್ಯಾರ್ಥಿವೇತನದ ಚೆಕ್ ಹಂಚುತ್ತಾರೆ, ನಾವು ಶಾಲು ಹೊದಿಸುತ್ತೇವೆ. ಅವರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ, ಎಷ್ಟೋ ಜನ ನಿಜಕ್ಕೂ ಕೈಬಿಚ್ಚಿ ಕೊಡುವವರು. ಶಾಲು ಹೊದಿಸುವ ಮುನ್ನ ಸಂಘದವರು ಒಂದು ಮಾತು ಕೇಳಬಹುದಲ್ಲ: ಸಾಹೇಬರೇ, ನಿಮ್ಮ ಹೋಟೆಲಿನ ಹುಡುಗರಿಗೆ ವಾರಕ್ಕೊಂದು ರಜೆ ಇದೆಯಾ? ಕೇಳುವುದಿಲ್ಲ. ಕೇಳಿದರೆ ಮುಂದಿನ ವರ್ಷದ ಚೆಕ್ ಬರಲಿಕ್ಕಿಲ್ಲ ಎಂಬ ಭಯ. ನೂರಾರು ಕೋಟಿಯ ಕಂಪೆನಿಯೆದುರು ಎನ್‌ಜಿಒಗಳು ಸುಮ್ಮನಿರುವುದಕ್ಕೂ ಇದೇ ಕಾರಣ, ಮೊತ್ತ ಮಾತ್ರ ಬೇರೆ.

ವೇದಿಕೆಗಳಲ್ಲಿ ಸಿಎಸ್‌ಆರ್ ಎಂದರೆ ನಮ್ಮ ಝಕಾತ್ ಇದ್ದ ಹಾಗೆ ಎಂದು ಹೋಲಿಸುವವರಿದ್ದಾರೆ. ಹೋಲಿಕೆ ಅರ್ಧ ಮಾತ್ರ ಸರಿ. ಝಕಾತ್ ಇರುವುದು ಒಂದು ವರ್ಷ ನಿಂತ ಸಂಪತ್ತಿನ ಮೇಲೆ, ವರ್ಷದ ಲಾಭದ ಮೇಲಲ್ಲ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಒಂದಿದೆ. ಕೆಲಸದವನಿಗೆ ಕೊಡಬೇಕಾದ ಸಂಬಳಕ್ಕೆ ಬದಲಾಗಿ ಝಕಾತ್ ಕೊಟ್ಟರೆ ಅದು ಝಕಾತ್ ಆಗುವುದಿಲ್ಲ ಎಂಬುದು ವಿದ್ವಾಂಸರು ಸ್ಪಷ್ಟವಾಗಿ ಹೇಳುವ ಮಾತು. ಸಂಬಳ ಅವನ ಹಕ್ಕು, ಅದನ್ನು ಕೊಡದೆ ಉಳಿಸಿಕೊಂಡ ಹಣ ಮಾಲಕನ ಸ್ವತ್ತೇ ಅಲ್ಲ. ತನ್ನದಲ್ಲದ್ದನ್ನು ದಾನ ಕೊಡುವುದು ಹೇಗೆ? ಕೂಲಿ ಮತ್ತು ಬೆವರಿನ ಮಾತು ನಮಗೆಲ್ಲ ಬಾಯಿಪಾಠ, ಮದ್ರಸದ ಮಕ್ಕಳಿಗೂ ಗೊತ್ತು. ರಮಝಾನ್ ಕಿಟ್ ತುಂಬಿಸುವಾಗ ಅಂಗಡಿಯ ಕೆಲಸದವರಿಗೂ ಒಂದೊಂದು ಕೊಟ್ಟು, ಕಳೆದ ಮೂರು ತಿಂಗಳ ಓವರ್‌ಟೈಮ್ ಅಲ್ಲಿಗೆ ಚುಕ್ತಾ ಎಂದುಕೊಳ್ಳುವ ಮಾಲಕರಿಗೆ ಅದು ಯಾಕೋ ನೆನಪಾಗುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ. ಕ್ಯಾಂಪಸ್‌ಗೆ ಬರುವ ಅಥವಾ ನಿಮಗೆ ಸ್ಕಾಲರ್‌ಶಿಪ್ ಕೊಟ್ಟ ಕಂಪೆನಿ ಷೇರುಪೇಟೆಯ ಮೊದಲ ಸಾವಿರ ಕಂಪೆನಿಗಳಲ್ಲಿ ಒಂದಾಗಿದ್ದರೆ, ಅದರ ವಾರ್ಷಿಕ ವರದಿಯಲ್ಲಿ ಸಿಎಸ್‌ಆರ್ ಪುಟಗಳನ್ನು ದಾಟಿ ಹೋಗಿ. ಅಲ್ಲಿ ಬಿಆರ್‌ಎಸ್‌ಆರ್ ಎಂಬ ಇನ್ನೊಂದು ವರದಿ ಇರುತ್ತದೆ. ಸೆಬಿ 2021ರಲ್ಲಿ ತಂದದ್ದು, 2022-23ರಿಂದ ಕಡ್ಡಾಯ. ಇದರಲ್ಲಿ ಫೋಟೋ ಕಡಿಮೆ, ಕೋಷ್ಟಕ ಹೆಚ್ಚು, ಅಕ್ಷರ ಸಣ್ಣದು. ಖಾಯಂ ಕೆಲಸಗಾರರು ಎಷ್ಟು, ಖಾಯಂ ಅಲ್ಲದವರು ಎಷ್ಟು, ಕನಿಷ್ಠ ವೇತನಕ್ಕೆ ಸರಿಯಾಗಿ ಪಡೆಯುವವರು ಎಷ್ಟು, ಅದಕ್ಕಿಂತ ಹೆಚ್ಚು ಪಡೆಯುವವರು ಎಷ್ಟು, ಗಂಡಸರ ಮತ್ತು ಹೆಂಗಸರ ಮಧ್ಯಮ ಸಂಬಳ ಎಷ್ಟು, ಕೆಲಸದ ಜಾಗದಲ್ಲಿ ಸತ್ತವರು ಎಷ್ಟು, ಎಲ್ಲ ಅಲ್ಲಿದೆ. ಷೇರುಪೇಟೆಗೆ ಬಾರದ ಕಂಪೆನಿ ಇದನ್ನು ಕೊಡಬೇಕಾಗಿಲ್ಲ ಎಂಬುದು ಈ ವ್ಯವಸ್ಥೆಯ ದೊಡ್ಡ ತೂತು. ಬೆಂಚು ಕೊಟ್ಟ ಲೆಕ್ಕವನ್ನು ಅಂಥ ಕಂಪೆನಿಯಿಂದಲೂ ಕೇಳುವ ಕಾನೂನು ಕೂಲಿಯ ಈ ಕೋಷ್ಟಕವನ್ನು ಕೇಳುವುದಿಲ್ಲ.

ಅದೇ ವರದಿಯಲ್ಲಿ ದೂರುಗಳ ಕೋಷ್ಟಕವೂ ಇರುತ್ತದೆ: ಲೈಂಗಿಕ ಕಿರುಕುಳ, ತಾರತಮ್ಯ, ಬಾಲಕಾರ್ಮಿಕರು, ವೇತನ. ಸಾವಿರಾರು ಜನ ಕೆಲಸ ಮಾಡುವ ಜಾಗದಲ್ಲಿ ವೇತನದ ಬಗ್ಗೆ ಇಡೀ ವರ್ಷದಲ್ಲಿ ಬಂದ ದೂರು 'ನಿಲ್' ಎಂದು ಬರೆದಿರುವುದು ನಿಮ್ಮ ಕಣ್ಣಿಗೆ ಬಿದ್ದರೆ, ಅಲ್ಲಿ ಯೂನಿಯನ್ ಸದಸ್ಯರು ಎಷ್ಟು ಎಂಬ ಕೋಷ್ಟಕವನ್ನು ಹುಡುಕಿ. ಅಲ್ಲಿಯೂ ಅದೇ ಪದ ಇದೆಯಾ ನೋಡಿ.